ಕರೆಂಟ್ ಕೊಡಿಸಿದ ಕತ್ತಿನ ಡಾಪ್ಲರ್: ನಾನು ನೋಡುವ ಕ್ರಮ

ಬಾಯಿ, ಗಂಟಲು, ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ರೇಡಿಯೇಷನ್ (ಜನರ ಮಾತಲ್ಲಿ 'ಕರೆಂಟ್') ಆದವರ ಕತ್ತಿನಲ್ಲಿ ಡಾಪ್ಲರ್, ಅಂದರೆ ರಕ್ತದ ಹರಿವು ನೋಡುವ ಸ್ಕ್ಯಾನ್, ಮಾಡುವಾಗ ನಾನು ಪ್ರೋಬ್ (ಕತ್ತಿಗೆ ತಾಗಿಸುವ ಸ್ಕ್ಯಾನ್ ಸಾಧನ) ಮೊದಲು ಇಡುವುದು ಕಾಲರ್ ಬೋನ್ ಪಕ್ಕದಲ್ಲಿ. ಬಿಪಿ, ಶುಗರ್, ಬೀಡಿಯಿಂದ ಬರುವ ಪ್ಲಾಕ್ (ಗೋಡೆಗೆ ಕಟ್ಟುವ ಕೊಬ್ಬಿನ ಗಡ್ಡೆ) ಹೆಚ್ಚಾಗಿ ಕ್ಯಾರೋಟಿಡ್ (ತಲೆಗೆ ರಕ್ತ ಒಯ್ಯುವ ಕತ್ತಿನ ನಾಳ) ಕವಲೊಡೆಯುವ ಜಾಗದಲ್ಲೇ ಕೂರುವುದರಿಂದ ಅಭ್ಯಾಸಬಲದಿಂದ ಕಣ್ಣು ಅಲ್ಲಿಗೇ ಓಡುತ್ತದೆ. ಆದರೆ ರೇಡಿಯೇಷನ್ ಪೆಟ್ಟು ಕಿರಣ ಬಿದ್ದ ಉದ್ದಕ್ಕೂ ಇರಬಹುದು. ಒಳಪದರ ಕೆಡುತ್ತದೆ, ನಾಳದ ಗೋಡೆಗೇ ರಕ್ತ ಒದಗಿಸುವ ಸಣ್ಣ ನಾಳಗಳು ಮುಚ್ಚಿಕೊಳ್ಳುತ್ತವೆ, ವರ್ಷ ಕಳೆದಂತೆ ಗೋಡೆ ನಾರುಗಟ್ಟಿ ದಪ್ಪವಾಗುತ್ತದೆ. ಕಾಮನ್ ಕ್ಯಾರೋಟಿಡ್‌ನ (ಕವಲಿಗೂ ಕೆಳಗಿನ ಮುಖ್ಯ ನಾಳ) ನಡುಭಾಗದಲ್ಲೇ ಉದ್ದಕ್ಕೆ ಸಣ್ಣಗಾದ ನಾಳ ಸಿಗುವುದು ಈ ಕಾರಣಕ್ಕೆ.

'ಕರೆಂಟ್ ಕೊಡಿಸಿದ್ವಿ' ಅಂದರೆ ಸಾಲದು. ಹಳೇ ಫೈಲ್ ತರಿಸುತ್ತೇನೆ. ಒಟ್ಟು ಎಷ್ಟು ಗ್ರೇ (ಕಿರಣದ ಪ್ರಮಾಣದ ಅಳತೆ, ಸಾಮಾನ್ಯವಾಗಿ 60ರಿಂದ 70), ಒಂದು ಕಡೆಯೋ ಎರಡೂ ಕಡೆಯೋ, ಯಾವ ವರ್ಷ, ಕತ್ತಿನ ಗಂಟು ತೆಗೆದಿದ್ದಾರಾ, ಎರಡನೇ ಸಲ ರೇಡಿಯೇಷನ್ ಆಗಿದೆಯಾ. ಆಮೇಲೆ ಒಂದು ಪ್ರಶ್ನೆ: "ಯಜಮಾನ್ರೇ, ಯಾವಾಗಲಾದ್ರೂ ಕೈ ಸೋತಿತ್ತಾ, ಮಾತು ತೊದಲಿತ್ತಾ, ಒಂದು ಕಣ್ಣಿಗೆ ಪರದೆ ಇಳಿದ ಹಾಗೆ ಕತ್ತಲೆ ಬಂದಿತ್ತಾ?" ಈಚೆಗೆ ಆಗಿದ್ದರೆ, ಐದೇ ನಿಮಿಷದಲ್ಲಿ ಸರಿಹೋಗಿದ್ದರೂ, ಅಂದೇ ಸ್ಟ್ರೋಕ್ ನೋಡುವ ಆಸ್ಪತ್ರೆಗೆ ಕಳಿಸಬೇಕು.

ತೊಂದರೆಯೇನೂ ಇಲ್ಲದವರಿಗೆ ಯುರೋಪಿಯನ್ ಸೊಸೈಟಿ ಆಫ್ ಕಾರ್ಡಿಯಾಲಜಿಯ 2022ರ ಮಾರ್ಗಸೂಚಿ ಹೇಳುವುದು ರೇಡಿಯೇಷನ್ ಆಗಿ 5 ವರ್ಷಕ್ಕೆ ಮೊದಲ ಸ್ಕ್ಯಾನ್, ಆಮೇಲೆ 5–10 ವರ್ಷಕ್ಕೊಮ್ಮೆ. ಬಿಪಿ, ಶುಗರ್ ಎರಡೂ ಇರುವವರಿಗೆ ಅದು ತೀರಾ ದೂರದ ಅಂತರ ಅಂತ ನನ್ನ ಅನಿಸಿಕೆ.

ಈ ಕತ್ತುಗಳು ಎರಡು ಥರ. ಒಂದು, ಮರದ ಹಲಗೆಯಂತೆ ಬಿಗಿದದ್ದು: ತಲೆ ಹಿಂದಕ್ಕೆ ಬಾಗುವುದಿಲ್ಲ, ಶಬ್ದತರಂಗ ಒಳಗೆ ಇಳಿಯುವುದಿಲ್ಲ. ತಲೆಯ ಕಡೆ ಮಂಚ ಎತ್ತಿ, ಫ್ರೀಕ್ವೆನ್ಸಿ ಇಳಿಸಿ, ಕತ್ತಿನ ಸ್ನಾಯುವಿನ ಹಿಂಬದಿಯಿಂದ ನೋಡುತ್ತೇನೆ. ಆಗಲೂ ಕಾಣದಿದ್ದರೆ ಹೊಟ್ಟೆ ಸ್ಕ್ಯಾನಿನ ಬಾಗಿದ ಪ್ರೋಬ್. ಇನ್ನೊಂದು, ಆಪರೇಷನ್‌ನಲ್ಲಿ ಆ ಸ್ನಾಯುವನ್ನೇ ತೆಗೆದದ್ದು: ನಾಳ ಚರ್ಮದ ಕೆಳಗೇ ಇರುತ್ತದೆ. ಇಲ್ಲಿ ಒತ್ತಿದರೆ ನಾಳ ಚಪ್ಪಟೆಯಾಗಿ ಇಲ್ಲದ ಬ್ಲಾಕ್ ಕಾಣುತ್ತದೆ; ಕವಲಿನ ಮೇಲೆ ಒತ್ತಿದರೆ ನಾಡಿಬಡಿತವೂ ಇಳಿಯಬಹುದು. ಜೆಲ್ ದಪ್ಪಗೆ ಹಾಕಿ ಪ್ರೋಬ್ ತೇಲಿಸಬೇಕು.

ಮೊದಲು ಕಲರ್ (ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವುದು) ಹಾಕದೆ, ಅಡ್ಡಕೊಯ್ತದಲ್ಲಿ (ನಾಳ ದುಂಡಗೆ ಕಾಣುವಂತೆ ಪ್ರೋಬ್ ಹಿಡಿದು) ಕಾಲರ್ ಬೋನ್‌ನಿಂದ ದವಡೆಯವರೆಗೆ ನಿಧಾನ ಹೋಗುತ್ತೇನೆ. ಕಲರ್ ಜಾಸ್ತಿ ಇಟ್ಟರೆ ಅದು ಗೋಡೆಯ ಮೇಲೂ ಹರಡಿ ತೆಳು ಪ್ಲಾಕ್ ಮುಚ್ಚಿಹೋಗುತ್ತದೆ. ಆಮೇಲೆ ಉದ್ದಕೊಯ್ತ (ನಾಳ ಉದ್ದಕ್ಕೆ ಕಾಣುವಂತೆ). ಒಳಪದರ, ನಡುಪದರ ಸೇರಿದ ದಪ್ಪ ಅಳೆಯುವುದು ಪ್ರೋಬ್‌ನಿಂದ ದೂರದ ಗೋಡೆಯಲ್ಲಿ, ಕವಲಿನ ಕೆಳಗಿನ ಪ್ಲಾಕ್ ಇಲ್ಲದ 1 ಸೆಂ.ಮೀ. ಭಾಗದಲ್ಲಿ; ದಪ್ಪ ಎಲ್ಲೇ ಆಗಲಿ 1.5 ಮಿ.ಮೀ. ದಾಟಿದರೆ ಅದು ಪ್ಲಾಕ್. ಒಂದೇ ಕಡೆ ರೇಡಿಯೇಷನ್ ಆಗಿದ್ದರೆ ಇನ್ನೊಂದು ಕಡೆಗೆ ಹೋಲಿಸಲು ಸುಲಭ.

ರಕ್ತದ ವೇಗ ಅಳೆಯುವಾಗ ಶಬ್ದತರಂಗಕ್ಕೂ ರಕ್ತದ ಹರಿವಿಗೂ ನಡುವಿನ ಕೋನ 60 ಡಿಗ್ರಿ ಮೀರಬಾರದು. ಕಾಮನ್ ಕ್ಯಾರೋಟಿಡ್‌ನಲ್ಲಿ ಕೆಳಗೆ, ನಡುವೆ, ಮೇಲೆ ಮೂರು ಕಡೆ ತೆಗೆದು, ಆಮೇಲೆ ಇಂಟರ್ನಲ್ (ಮಿದುಳಿಗೆ ಹೋಗುವ ಕವಲು), ಎಕ್ಸ್‌ಟರ್ನಲ್ (ಮುಖದ ಕಡೆ ಹೋಗುವ ಕವಲು), ವರ್ಟಿಬ್ರಲ್ (ಕತ್ತಿನ ಹಿಂಬದಿಯ ನಾಳ). ಇಂಟರ್ನಲ್‌ಗೆ ಎಲ್ಲರೂ ಬಳಸುವ ಅಂಕಿ ಇದು: ಸೆಕೆಂಡಿಗೆ 125 ಸೆಂ.ಮೀ. ದಾಟಿದರೆ 50 ಶೇಕಡಾ, 230 ದಾಟಿದರೆ 70 ಶೇಕಡಾ ಮೇಲ್ಪಟ್ಟ ಬ್ಲಾಕ್. ಜತೆಗೆ ಇಂಟರ್ನಲ್ ವೇಗವನ್ನು ಕಾಮನ್ ವೇಗದಿಂದ ಭಾಗಿಸಿದ ಅನುಪಾತ. ಈ ಕತ್ತುಗಳಲ್ಲಿ ಕೈಕೊಡುವುದು ಆ ಅನುಪಾತವೇ. ಉದಾಹರಣೆಗೆ ಕಾಮನ್‌ನಲ್ಲಿ ಕೆಳಗೆ 80, ನಡುವೆ 240, ಕವಲಿನ ಕೆಳಗೆ 45, ಇಂಟರ್ನಲ್ 60 ಅಂತಿಟ್ಟುಕೊಳ್ಳಿ. 60ನ್ನು 45ರಿಂದ ಭಾಗಿಸಿದರೆ 1.3, ರಿಪೋರ್ಟ್ 'ನಾರ್ಮಲ್'! ನೋಡಬೇಕಾದ್ದು 240ಕ್ಕೂ 80ಕ್ಕೂ ಇರುವ ಮೂರು ಪಟ್ಟು: ನಡುವೆ ಅರ್ಧಕ್ಕಿಂತ ಹೆಚ್ಚು ಮುಚ್ಚಿದೆ. ಇಂಟರ್ನಲ್‌ನಲ್ಲಿ ವೇಗದ ಅಲೆ ನಿಧಾನವಾಗಿ ಏರಿ ಮೊಂಡಾಗಿದ್ದರೆ ಕೆಳಗೆಲ್ಲೋ ತಡೆ ಇದೆ, ವಾಪಸ್ ಹೋಗಿ ಹುಡುಕಬೇಕು. ಒಂದು ಕಡೆ ಪೂರ್ತಿ ಮುಚ್ಚಿದ್ದರೆ ಇನ್ನೊಂದು ಕಡೆ ಪ್ಲಾಕ್ ಇಲ್ಲದೆಯೂ ವೇಗ ಏರುತ್ತದೆ.

ಕ್ಯಾಲ್ಸಿಯಂ ನೆರಳು ಬಿದ್ದರೆ, ಬ್ಲಾಕ್ ಎದೆಯೊಳಗೆ ಇಳಿದಿದ್ದರೆ, ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿಕೊಂಡು ಮಹಾಪಧಮನಿಯಿಂದ ತಲೆಬುರುಡೆಯ ಬುಡದವರೆಗೆ ಸಿಟಿ ಆಂಜಿಯೋ (ರಕ್ತನಾಳಗಳ ಸಿಟಿ ಸ್ಕ್ಯಾನ್). ದವಡೆಗೆ ಪ್ಲೇಟ್ ಹಾಕಿದ್ದರೆ ಆ ಮಟ್ಟದಲ್ಲಿ ಚಿತ್ರ ಕೆಡುತ್ತದೆ. ಬಾಯಿಂದಲೋ ಟ್ರೇಕಿಯಾಸ್ಟಮಿಯಿಂದಲೋ (ಉಸಿರಾಟಕ್ಕೆ ಕತ್ತಿನಲ್ಲಿ ಮಾಡಿದ ತೂತು) ಕೆಂಪು ರಕ್ತ ಬಂದು ನಿಂತಿದೆ ಅಂದವರನ್ನು ಡಾಪ್ಲರ್ ಸರದಿಯಲ್ಲಿ ಕೂರಿಸಬಾರದು. ಕ್ಯಾರೋಟಿಡ್ ಒಡೆಯುವ ಮುನ್ಸೂಚನೆ ಇರಬಹುದು, ನೇರ ಎಮರ್ಜೆನ್ಸಿಗೆ.

ರಿಪೋರ್ಟಿನಲ್ಲಿ ಬರೀ ಶೇಕಡಾ ಬರೆಯುವುದಿಲ್ಲ. ಬ್ಲಾಕ್ ಕವಲಿಂದ ಎಷ್ಟು ಸೆಂ.ಮೀ. ಕೆಳಗೆ ಶುರು, ಎಷ್ಟು ಉದ್ದ, ಒಳಗಿನ ವೇಗ ಎಷ್ಟು, ಅದಕ್ಕೂ ಕೆಳಗಿನ ವೇಗ ಎಷ್ಟು, ಎಲ್ಲ ಬರೆಯುತ್ತೇನೆ. ನಾರುಗಟ್ಟಿದ ಕತ್ತನ್ನು ಕೊಯ್ಯುವುದು ಕಷ್ಟವಾದ್ದರಿಂದ ಸ್ಟೆಂಟ್ ಹಾದಿಯನ್ನೇ ಯೋಚಿಸುವುದು ಹೆಚ್ಚು. ಸ್ಟೆಂಟ್ ಉದ್ದ ನಿರ್ಧರಿಸುವವರಿಗೆ ಈ ಅಳತೆ ಬೇಕು.