ಹೊಳೆಯ ಕೆಸರು, ಕಡಲ ನೀರು, ಮೂರು ಬಾಟಲಿ

ಮಳೆಗಾಲದಲ್ಲಿ ಚಂದ್ರಗಿರಿ ಹೊಳೆ ಕಡಲಿನ ಬಾಯಿಯವರೆಗೂ ಸಿಹಿನೀರು. ಬೇಸಿಗೆ ಬಂತೆಂದರೆ ಉಪ್ಪು ಮೇಲೇರಲು ಶುರು. ಬಾವಿಕ್ಕೆರೆಯಲ್ಲಿ ತಡೆ ಕಟ್ಟುವ ಮೊದಲು ಕಾಸರಗೋಡು ಪೇಟೆಯಲ್ಲಿ ಬೇಸಿಗೆಯ ನಳ್ಳಿನೀರೇ ಉಪ್ಪಾಗುತ್ತಿತ್ತು. ಚಹಾ ಕೂಡ ಉಪ್ಪುಪ್ಪು. ನಾವಾದರೆ ದೂರು ಕೊಡುತ್ತೇವೆ, ಟ್ಯಾಂಕರ್ ತರಿಸುತ್ತೇವೆ. ಅದೇ ಹೊಳೆಯ ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಏನು ಮಾಡುತ್ತವೆ?

ಇದನ್ನು ಮನೆಯಲ್ಲೇ ನೋಡಬಹುದು. ಮೈಕ್ರೋಸ್ಕೋಪ್ ಬೇಡ. ಮೂರು ಖಾಲಿ ಬಾಟಲಿ, ಹಳೆಯ ಪೇಪರ್, ಮೊಟ್ಟೆಯ ಸಿಪ್ಪೆ, ಕೆಸರು ಮತ್ತು ಎರಡು ತಿಂಗಳ ತಾಳ್ಮೆ ಸಾಕು. ರಷ್ಯಾದ ವಿಜ್ಞಾನಿ ಸೆರ್ಗೈ ವಿನೋಗ್ರಾಡ್‌ಸ್ಕಿ 1880ರ ದಶಕದಲ್ಲಿ ಶುರುಮಾಡಿದ ಆಟ ಇದು. ನಮ್ಮ ಹೊಳೆಗೆ ಸರಿಹೊಂದುವ ಹಾಗೆ ನಾನು ಸ್ವಲ್ಪ ಬದಲಿಸಿಕೊಂಡಿದ್ದೇನೆ.

ಕೆಸರು ತರುವುದು

ಎರಡು ಜಾಗದ ಕೆಸರು ಬೇಕು. ಒಂದು ಹೊಳೆ ಕಡಲು ಸೇರುವ ಅಳಿವೆಯದ್ದು. ತಳಂಗರೆ ಕಡೆ ಇಳಿತದ ಹೊತ್ತಿಗೆ ಹೋದರೆ ಸುಲಭ. ಮೇಲಿನ ಕಂದು ಪದರ ಸರಿಸಿ. ಒಂದು ಗೇಣು ಕೆಳಗೆ ಕಪ್ಪಗಿನ, ಕೊಳೆತ ಮೊಟ್ಟೆಯ ವಾಸನೆಯ ಕೆಸರು ಸಿಗುತ್ತದೆ. ಅದೇ ಬೇಕಾದದ್ದು. ಇನ್ನೊಂದು ಕಡಲಿನ ಉಪ್ಪು ಮುಟ್ಟದ ಮೇಲ್ಹೊಳೆಯದ್ದು, ಅಡೂರಿನ ಬಳಿ, ಚಂದ್ರಗಿರಿಗೆ ಸೇರುವ ಪಯಸ್ವಿನಿಯ ದಡದಲ್ಲಿ ತೆಗೆದರೆ ಆಯಿತು. ಎರಡೂ ಕಡೆಯ ನೀರನ್ನೂ ಕ್ಯಾನಿನಲ್ಲಿ ತನ್ನಿ. ಜನವರಿ, ಫೆಬ್ರವರಿ ಒಳ್ಳೆಯ ಸಮಯ. ಮಳೆಗಾಲದಲ್ಲಿ ಈ ಕೆಲಸಕ್ಕೆ ಹೊಳೆಗೆ ಇಳಿಯಬೇಡಿ. ಕೆಂಪುನೀರಿನಲ್ಲಿ ಕಾಲಡಿ ಏನಿದೆ ಎಂದೇ ಕಾಣುವುದಿಲ್ಲ.

ಕೈಯಲ್ಲಿ ಗಾಯ ಇದ್ದರೆ ಈ ಕೆಲಸ ಬೇರೆಯವರಿಗೆ ಬಿಡಿ. ಉಪ್ಪುನೀರಿನ ಕೆಲವು ಬ್ಯಾಕ್ಟೀರಿಯಾ ಗಾಯಕ್ಕೆ ಹೊಕ್ಕರೆ ಜೋರಾಗಿಯೇ ಕಾಡುತ್ತವೆ. ಗ್ಲೌಸ್ ಹಾಕಿ, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಬಾಟಲಿ ತುಂಬುವುದು

ಒಂದೂವರೆ ಲೀಟರಿನ ಪಾರದರ್ಶಕ ಬಾಟಲಿಗಳ ಕುತ್ತಿಗೆ ಕತ್ತರಿಸಿ. ಕೆಸರಿನಿಂದ ಕಲ್ಲು, ಎಲೆ, ಮರುವಾಯಿ ಚಿಪ್ಪು ಎಲ್ಲ ಆರಿಸಿ ತೆಗೆಯಿರಿ. ಪ್ರತಿ ಬಾಟಲಿಯ ಕೆಸರಿಗೆ ಒಂದು ಹಿಡಿ ಚೂರು ಪೇಪರ್ ಮತ್ತು ಒಂದು ಮೊಟ್ಟೆಯ ಸಿಪ್ಪೆಯ ಪುಡಿ ಬೆರೆಸಿ. ಪೇಪರ್ ಬ್ಯಾಕ್ಟೀರಿಯಾಗಳ ಊಟ. ಹೊಳಪಿನ ಪುಟ ಬೇಡ, ಸಾದಾ ಪುಟ ಸಾಕು. ದೋಸೆಹಿಟ್ಟಿನ ಹದಕ್ಕೆ ಕಲಸಿ, ಗಾಳಿಗುಳ್ಳೆ ಇರದ ಹಾಗೆ ಕುಟ್ಟಿ ಕುಟ್ಟಿ ಮುಕ್ಕಾಲು ಭಾಗ ತುಂಬಿಸಿ. ಮೇಲೆ ನಾಲ್ಕು ಬೆರಳು ನೀರು ನಿಲ್ಲಲಿ.

ಬಾಟಲಿ 1: ಅಳಿವೆಯ ಕೆಸರು, ಅಳಿವೆಯ ನೀರು.
ಬಾಟಲಿ 2: ಮೇಲ್ಹೊಳೆಯ ಕೆಸರು, ಮೇಲ್ಹೊಳೆಯ ನೀರು.
ಬಾಟಲಿ 3: ಮೇಲ್ಹೊಳೆಯ ಕೆಸರು, ಕುದಿಸಿ ಆರಿಸಿದ ಅಳಿವೆಯ ನೀರು.

ಮೂರನೆಯದಕ್ಕೆ ನೀರು ಕುದಿಸುವುದನ್ನು ಮರೆಯಬೇಡಿ. ಕಡಲಿನ ಒಂದು ಮಿಲಿಲೀಟರ್ ನೀರಿನಲ್ಲಿ ಹತ್ತು ಲಕ್ಷದ ಆಸುಪಾಸು ಬ್ಯಾಕ್ಟೀರಿಯಾ ಇರುತ್ತವೆ. ಕುದಿಸದೆ ಸುರಿದರೆ ನೀವು ಉಪ್ಪನ್ನು ಮಾತ್ರ ಅಲ್ಲ, ಕಡಲಿನ ಒಕ್ಕಲನ್ನೂ ತಂದು ಕೂರಿಸಿದ ಹಾಗೆ. ನಮಗೆ ಬೇಕಾದದ್ದು ಉಪ್ಪು ಬಂದಾಗ ಸಿಹಿನೀರಿನ ಕೆಸರು ಏನು ಮಾಡುತ್ತದೆ ಎಂಬುದು, ಅಲ್ವಾ?

ಬಾಯಿಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ರಬ್ಬರ್ ಬ್ಯಾಂಡ್ ಹಾಕಿ, ಸೂಜಿಯಿಂದ ಎರಡು ತೂತು ಮಾಡಿ. ನಾನು ಮೊದಲ ಸಲ ಕುತ್ತಿಗೆ ಕತ್ತರಿಸದೆ ಮುಚ್ಚಳ ಬಿಗಿ ಮಾಡಿ ಇಟ್ಟಿದ್ದೆ. ಒಳಗೆ ಗ್ಯಾಸ್ ತುಂಬಿ, ಒಂದು ಮಧ್ಯಾಹ್ನ ಮುಚ್ಚಳ ಹಾರಿ, ಒಗೆದು ಮಡಚಿಟ್ಟ ಬಟ್ಟೆಯ ಮೇಲೆಲ್ಲ ಕರಿಕೆಸರು. ಮನೆಯಲ್ಲಿ ಆದ ಮಂಗಳಾರತಿ ಇಲ್ಲಿ ಬರೆಯುವಂಥದ್ದಲ್ಲ. ಈಗ ಜಗಲಿಯಲ್ಲಿ ಇಡುತ್ತೇನೆ. ಬೆಳಕು ಬೇಕು, ನೇರ ಬಿಸಿಲು ಬೇಡ.

ಏನು ಕಾಣುತ್ತದೆ

ಮೊದಲ ವಾರ ಏನೂ ಇಲ್ಲ. ಆಮೇಲೆ ಬಾಟಲಿ 1 ಕಪ್ಪಾಗುತ್ತಾ ಹೋಗುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಎರಡೂವರೆ ಗ್ರಾಂಗಿಂತ ಜಾಸ್ತಿ ಸಲ್ಫೇಟ್ ಇದೆ. ಆಮ್ಲಜನಕ ಇಲ್ಲದ ಆಳದಲ್ಲಿ ಕೆಲವು ಬ್ಯಾಕ್ಟೀರಿಯಾ ಇದೇ ಸಲ್ಫೇಟನ್ನು ಉಸಿರಾಡುತ್ತವೆ. ನಾವು ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ ಅವು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ನಮ್ಮದು ಮುರಕಲ್ಲಿನ ನಾಡು, ಕೆಸರಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಕಬ್ಬಿಣವೂ ಸಲ್ಫೈಡೂ ಸೇರಿದರೆ ಕಡುಕಪ್ಪು.

ಐದಾರು ವಾರಕ್ಕೆ ಬೆಳಕು ಬೀಳುವ ಬದಿಯಲ್ಲಿ ನೇರಳೆ ಕಲೆಗಳು ಏಳುತ್ತವೆ. ಕೋಕಂ ಹಣ್ಣಿನ ರಸ ಚೆಲ್ಲಿದ ಹಾಗೆ. ಇವು ನೇರಳೆ ಗಂಧಕ ಬ್ಯಾಕ್ಟೀರಿಯಾ. ಬೆಳಕಿನಿಂದ ಅಡುಗೆ ಮಾಡುತ್ತವೆ. ಆದರೆ ಗಿಡಗಳ ಹಾಗೆ ನೀರನ್ನು ಒಡೆಯುವುದಿಲ್ಲ, ಕೆಳಗಿನವರು ಬಿಟ್ಟ ಆ ನಾರುವ ಗ್ಯಾಸನ್ನೇ ಬಳಸುತ್ತವೆ. ಅದೃಷ್ಟ ಇದ್ದರೆ ಅದರ ಕೆಳಗೆ ಹಸಿರು ಪಟ್ಟಿಯೂ ಬರಬಹುದು. ಆ ಹಸಿರಿನವು ಇನ್ನೂ ಕಡಿಮೆ ಬೆಳಕಿನಲ್ಲಿ, ಇನ್ನೂ ಜಾಸ್ತಿ ಗ್ಯಾಸಿನಲ್ಲಿ ಬದುಕಬಲ್ಲವು. ಎಲ್ಲಕ್ಕಿಂತ ಮೇಲೆ, ಗಾಳಿ ಸಿಗುವ ಕಡೆ, ಪಾಚಿಯ ಬಣ್ಣದ ಸಯನೋಬ್ಯಾಕ್ಟೀರಿಯಾ. ಒಂದು ಗೇಣಿನ ಒಳಗೆ ನಾಲ್ಕು ಕೇರಿ.

ಬಾಟಲಿ 2 ಬೇಗ ಕಪ್ಪಾಗುವುದಿಲ್ಲ. ಸಿಹಿನೀರಿನಲ್ಲಿ ಸಲ್ಫೇಟ್ ತೀರಾ ಕಡಿಮೆ. ಬದಲಿಗೆ ಗುಳ್ಳೆಗಳು ಏಳುತ್ತವೆ. ಅಲ್ಲಿ ಮೀಥೇನ್ ಮಾಡುವ ಜೀವಿಗಳದ್ದೇ ಕಾರುಬಾರು. ಬಾಟಲಿ 3 ನಿಜವಾದ ಮಜಾ. ನನ್ನದರಲ್ಲಿ ಮೂರು ವಾರ ಸುಮ್ನೆ ಕೂತಿತ್ತು. ನಾಲ್ಕನೇ ವಾರ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ. ಅಂದರೆ ಸಲ್ಫೇಟ್ ಉಸಿರಾಡುವವರು ಅಲ್ಲೂ ಎದ್ದಿದ್ದರು.

ಇದು ವಿಕಾಸವೇ?

ಶಾಲೆಯ ಪ್ರದರ್ಶನಗಳಲ್ಲಿ ಇಂಥ ಬಾಟಲಿಯ ಮುಂದೆ ‘ವಿಕಾಸವನ್ನು ಕಣ್ಣಾರೆ ನೋಡಿ’ ಎಂದು ಬೋರ್ಡು ಇಡುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಬಾಟಲಿ 3ರಲ್ಲಿ ಯಾರೂ ಉಪ್ಪು ತಡೆಯುವುದನ್ನು ಕಲಿತದ್ದಲ್ಲ. ತಡೆಯಬಲ್ಲ ನಾಲ್ಕು ಮಂದಿ ಕೆಸರಿನಲ್ಲಿ ಮೊದಲೇ ಮೂಲೆ ಹಿಡಿದು ಕೂತಿದ್ದರು. ಉಳಿದವರು ಸತ್ತರು ಇಲ್ಲವೇ ಮಲಗಿದರು, ಇವರು ಹೆಚ್ಚಿದರು. ಇದು ಗೆರಸೆಯಲ್ಲಿ ಕೇರಿದ ಹಾಗೆ. ಜೊಳ್ಳು ಹಾರಿತು, ಕಾಳು ಉಳಿಯಿತು. ಆದರೆ ಆ ಕಾಳು ಎಲ್ಲಿಂದ ಬಂತು? ವಿಕಾಸದ ಕತೆ ಅಲ್ಲಿರುವುದು.

ಮುಖ್ಯವಾಗಿ ಮೂರು ದಾರಿ. ಮೊದಲನೆಯದು ನಕಲು ಮಾಡುವಾಗ ಆಗುವ ತಪ್ಪು. ಬ್ಯಾಕ್ಟೀರಿಯಾ ಎರಡಾಗಿ ಒಡೆಯುವಾಗ ಡಿಎನ್ಎಯನ್ನು ನಕಲು ಮಾಡುತ್ತದೆ. ಸಾವಿರ ಸಲ ನಕಲು ಮಾಡಿದರೆ ಬೆರಳೆಣಿಕೆಯ ತಪ್ಪು. ಕಡಿಮೆ ಅನಿಸುತ್ತದೆ. ಆದರೆ ಒಂದು ಚಮಚ ನೀರಿನಲ್ಲೇ ಲಕ್ಷಗಟ್ಟಲೆ ಇವೆಯಲ್ಲ. ಹೆಚ್ಚಿನ ತಪ್ಪಿನಿಂದ ಏನೂ ಆಗದು, ಕೆಲವು ಕೊಲ್ಲುತ್ತವೆ, ಅಪರೂಪಕ್ಕೆ ಒಂದು ಉಪಕಾರಕ್ಕೆ ಬರುತ್ತದೆ. ಉಪ್ಪಿನಲ್ಲಿ ಹಾಕಿದ ಮಾವಿನ ಮಿಡಿ ಸುಕ್ಕುವುದನ್ನು ನೋಡಿದ್ದೀರಿ, ಒಳಗಿನ ನೀರನ್ನು ಉಪ್ಪು ಎಳೆದುಬಿಡುತ್ತದೆ. ಕಡಲಿನ ಬ್ಯಾಕ್ಟೀರಿಯಾಕ್ಕೂ ಅದೇ ಅಪಾಯ. ಸೋಡಿಯಂ ಹೊರದಬ್ಬುವ ಪಂಪು, ನೀರನ್ನು ಒಳಗೇ ಹಿಡಿದಿಡುವ ಎಕ್ಟೋಯಿನ್, ಬೀಟೈನ್‌ನಂಥ ವಸ್ತುಗಳು, ಇವೆಲ್ಲಕ್ಕೂ ಜೀನ್, ಅಂದರೆ ಡಿಎನ್ಎಯಲ್ಲಿ ಬರೆದಿಟ್ಟ ಸೂಚನೆ, ಬೇಕು.

ಎರಡನೆಯದು ನನಗೆ ಬಹಳ ಇಷ್ಟ: ಸಾಲ, ಕೆಲವೊಮ್ಮೆ ದರೋಡೆ. ಬ್ಯಾಕ್ಟೀರಿಯಾ ಅಪ್ಪ ಅಮ್ಮನಿಂದ ಬಂದದ್ದರಲ್ಲೇ ತೃಪ್ತಿಪಡುವ ಜಾತಿಯಲ್ಲ, ನೆರೆಯವರ ಜೀನನ್ನೂ ಎತ್ತಿಕೊಳ್ಳುತ್ತದೆ. ಕಾಲರಾ ಬ್ಯಾಕ್ಟೀರಿಯಾವನ್ನೇ ನೋಡಿ. ಅದರ ನಿಜವಾದ ಮನೆ ಅಳಿವೆಯ ನೀರು. ಸಿಗಡಿ, ಏಡಿಗಳ ಚಿಪ್ಪಿನಲ್ಲಿರುವ ಕೈಟಿನ್ ಸಿಕ್ಕಿದರೆ ಅದು ಸುತ್ತಮುತ್ತ ಬಿದ್ದಿರುವ ಡಿಎನ್ಎ ತುಂಡುಗಳನ್ನು ಒಳಗೆ ಎಳೆದುಕೊಳ್ಳಲು ತಯಾರಾಗುತ್ತದೆ ಎಂದು 2005ರಲ್ಲಿ ಗೊತ್ತಾಯಿತು. ಹತ್ತು ವರ್ಷದ ನಂತರ ಇನ್ನೊಂದು ವಿಷಯ ಹೊರಬಿತ್ತು. ಅದು ಬಿದ್ದದ್ದನ್ನು ಹೆಕ್ಕುವುದು ಮಾತ್ರವಲ್ಲ, ಪಕ್ಕದವನನ್ನು ವಿಷದ ಈಟಿಯಿಂದ ಚುಚ್ಚಿ ಕೊಂದು, ಹೊರಬಂದ ಡಿಎನ್ಎ ದೋಚುತ್ತದೆ. ಮೀನು ಮಾರ್ಕೆಟಿನ ಹಿಂದೆ ರಾಶಿ ಬಿದ್ದ ಸಿಗಡಿ ಸಿಪ್ಪೆ ನೋಡಿದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ವೈರಸ್‌ಗಳೂ ಜೀನ್ ಹೊತ್ತು ತಿರುಗುತ್ತವೆ. ಕಡಲಿನ ಸಯನೋಬ್ಯಾಕ್ಟೀರಿಯಾಗಳನ್ನು ಕಾಡುವ ವೈರಸ್‌ನೊಳಗೆ ಬೆಳಕಿನಿಂದ ಅಡುಗೆ ಮಾಡುವ ಜೀನ್ ಇರುವುದು 2003ರಲ್ಲಿ ತಿಳಿಯಿತು.

ಮೂರನೆಯದು ಬೇಡದ ಜೀನನ್ನು ಬಿಟ್ಟುಬಿಡುವುದು. ತೆರೆದ ಕಡಲಿನಲ್ಲಿ ಊಟ ಕಡಿಮೆ. ಅಲ್ಲಿ ಹೇರಳವಾಗಿರುವ ಪೆಲಾಜಿಬ್ಯಾಕ್ಟರ್ ಎಂಬುದಕ್ಕೆ ಇರುವುದು 1,400ಕ್ಕೂ ಕಡಿಮೆ ಜೀನ್. ನಮ್ಮ ಕರುಳಿನ ಇ. ಕೋಲೈಗೆ 4,000ಕ್ಕೂ ಹೆಚ್ಚು. ಪ್ರೋಕ್ಲೋರೋಕಾಕಸ್ ಎಂಬ ಇನ್ನೊಂದರಲ್ಲಿ ಬಿಸಿಲಿನ ಮೇಲ್ನೀರಿಗೆ ಒಂದು ಬಗೆ, ಮಬ್ಬುಬೆಳಕಿನ ಆಳಕ್ಕೆ ಇನ್ನೊಂದು ಬಗೆ. 2003ರಲ್ಲಿ ಹೋಲಿಸಿ ನೋಡಿದಾಗ ಮೇಲಿನದ್ದರಲ್ಲಿ 1,700ರಷ್ಟು, ಕೆಳಗಿನದ್ದರಲ್ಲಿ 2,200ಕ್ಕೂ ಹೆಚ್ಚು ಜೀನ್ ಇದ್ದವು. ನಿಮ್ಮ ಬಾಟಲಿಯಲ್ಲಿ ಒಂದು ಗೇಣಿಗೆ ಬೇರೆಯಾದ ಕೇರಿಗಳು ಅಲ್ಲಿ ನೂರಿನ್ನೂರು ಮೀಟರಿಗೆ ಬೇರೆಯಾಗಿವೆ. ವ್ಯತ್ಯಾಸ ಏನೆಂದರೆ, ಅಲ್ಲಿನವು ಒಂದೇ ಮನೆತನದವು.

ಇಷ್ಟು ಓದಿದ ಮೇಲೆ ಕೆಲವು ಮಕ್ಕಳಿಗೆ ಬಾಟಲಿಗೆ ಆ್ಯಂಟಿಬಯಾಟಿಕ್ ಮಾತ್ರೆ ಹಾಕಿ ನೋಡುವ ಆಸೆ ಆಗುತ್ತದೆ. ಬೇಡವೇ ಬೇಡ. ಮಾತ್ರೆಗೆ ಬಗ್ಗದ ಬ್ಯಾಕ್ಟೀರಿಯಾವನ್ನು ಜಗಲಿಯಲ್ಲಿ ಸಾಕಿದ ಹಾಗೆ ಆಗುತ್ತದೆ.

ನೋಡಿಕೊಳ್ಳುವುದು

ವಾರಕ್ಕೊಮ್ಮೆ ಒಂದೇ ಜಾಗದಿಂದ ಫೋಟೋ ತೆಗೆಯಿರಿ. ನೀರು ಆರಿದರೆ ಮೂರಕ್ಕೂ ಸಿಹಿನೀರನ್ನೇ, ಕುದಿಸಿ ಆರಿಸಿ, ಸೇರಿಸಿ. ನೀರು ಆರಿದರೂ ಉಪ್ಪು ಒಳಗೇ ಉಳಿದಿರುತ್ತದೆ. ಮತ್ತೆ ಕಡಲ ನೀರು ಸುರಿದರೆ ಉಪ್ಪಿನಕಾಯಿ ಭರಣಿ ಆದೀತು. ಕೋಲು ಹಾಕಿ ಕಲಕಬೇಡಿ. ಮೂಗು ಹತ್ತಿರ ಇಟ್ಟು ಮೂಸಲೂ ಬೇಡ, ಆ ಗ್ಯಾಸ್ ಒಳ್ಳೆಯದಲ್ಲ.

ನೋಡಿ ಸಾಕಾದ ಮೇಲೆ ಬಾವಿಯಿಂದ ದೂರದ ತೆಂಗಿನ ಬುಡದಲ್ಲಿ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿ. ತೆಂಗಿಗೆ ಆ ಉಪ್ಪು ಲೆಕ್ಕಕ್ಕಿಲ್ಲ. ಸಂಜೆ ಕತ್ತಲಾದ ಮೇಲೆ ಸುರಿಯುವುದು ಒಳ್ಳೆಯದು. ನಾನು ಬೆಳಿಗ್ಗೆ ಸುರಿದಿದ್ದೆ. ಪಕ್ಕದ ಮನೆಯವರು ಅಂಗಳಕ್ಕೆ ಬಂದು ಗ್ಯಾಸ್ ಸಿಲಿಂಡರ್ ಸೋರುತ್ತಿದೆಯಾ ಎಂದು ಕೇಳಿದರು.