ಮಳೆಗಾಲಕ್ಕೂ ಹಿತ್ತಲಲ್ಲೇ ಸೊಪ್ಪು

ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದರೆ ಸಾಕು, ಅಂಕೋಲಾ, ಕಾರವಾರದಲ್ಲಿ ತರಕಾರಿ ರೇಟು ಏರುತ್ತದೆ. ಹುಬ್ಬಳ್ಳಿ ಕಡೆಯಿಂದ ಲಾರಿ ಬರಬೇಕಲ್ವಾ? ಬಂದರೂ ಸೊಪ್ಪು ಅರ್ಧ ಕೊಳೆತಿರುತ್ತದೆ. ಇತ್ತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಹಾಗಾಗಿ ಕೈತೋಟ ಅಂದ ಕೂಡಲೇ ಟೊಮೆಟೊ, ಕೋಸು ಅಂತ ಹೊರಡಬೇಡಿ. ನಮ್ಮ ಮಳೆಗೆ ಅವು ತಡೆಯುವುದಿಲ್ಲ. ಕಬ್ಬಿಣದ ಅಂಶಕ್ಕೆ ಮೊದಲು ಸೊಪ್ಪು.

ಮೇ ತಿಂಗಳಲ್ಲಿ ಮಡಿ

ಅರ್ಧ ದಿನವಾದರೂ ಬಿಸಿಲು ಬೀಳುವ ಜಾಗ ನೋಡಿ. ತೆಂಗಿನ ಬುಡದ ನೆರಳು ಬೇಡ. ಮಡಿಯ ಅಗಲ ಮೂರು–ನಾಲ್ಕು ಅಡಿ ಸಾಕು, ಎರಡೂ ಬದಿಯಿಂದ ಕೈ ನಿಲುಕಬೇಕು. ಎತ್ತರ ಮಾತ್ರ ಒಂದು ಅಡಿ ಇರಲಿ, ಇಲ್ಲದಿದ್ದರೆ ಜೂನ್‌ನಲ್ಲಿ ಬೇರು ನೀರಲ್ಲಿ ಕೊಳೆಯುತ್ತದೆ. ಚಿರೆಕಲ್ಲಿನ ಕೆಂಪು ಮಣ್ಣಾಗಲಿ, ಸಮುದ್ರದ ಕಡೆಯ ಮರಳಾಗಲಿ, ಜೋರು ಮಳೆಗೆ ಸಾರ ತೊಳೆದು ಹೋಗಿರುತ್ತದೆ. ಕೆಂಪು ಮಣ್ಣಲ್ಲಿ ಹುಳಿಯೂ ಜಾಸ್ತಿ. ಹಳೆಯ ಸಗಣಿ ಗೊಬ್ಬರ ಧಾರಾಳವಾಗಿ ಹಾಕಿ. ಬಚ್ಚಲ ಒಲೆಯ ಬೂದಿ ತೆಳ್ಳಗೆ ಉದುರಿಸಿದರೆ ಹುಳಿ ಸ್ವಲ್ಪ ಇಳಿಯುತ್ತದೆ, ಪೊಟ್ಯಾಷ್ ಕೂಡ ಸಿಗುತ್ತದೆ. ಮೇಲೆ ತರಗೆಲೆ ಮುಚ್ಚಿದರೆ ಮಳೆ ಹನಿಗೆ ಮಣ್ಣು ಕೊಚ್ಚಿ ಹೋಗುವುದಿಲ್ಲ.

ಹರಿವೆ

ಬೀಜ ಸಾಸಿವೆಗಿಂತಲೂ ಸಣ್ಣದು. ಸುಮ್ನೆ ಚೆಲ್ಲಿದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಒಂದು ಚಮಚ ಬೀಜಕ್ಕೆ ಎರಡು ಹಿಡಿ ಒಣ ಮರಳು ಬೆರೆಸಿ, ಬೆರಳ ಸಂದಿಯಿಂದ ಉದುರಿಸಿ, ಅಂಗೈಯಿಂದ ಮಣ್ಣು ಸವರಿ. ಆಳಕ್ಕೆ ಹೋದರೆ ಹುಟ್ಟುವುದಿಲ್ಲ. ಇರುವೆ ಬೀಜ ಹೊತ್ತೊಯ್ಯುವುದು ಮಾಮೂಲು. ಮಡಿಯ ಸುತ್ತ ಒಂದಿಷ್ಟು ರವೆ ಚೆಲ್ಲಿ, ಅವು ಅದರ ಹಿಂದೆ ಬೀಳುತ್ತವೆ. ಸುಮಾರು ಒಂದು ತಿಂಗಳಲ್ಲಿ ಕೊಯ್ಲು. ಬುಡದಿಂದ ಕೀಳದೆ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಮೇ ಮೊದಲ ವಾರ ಬಿತ್ತಿದರೆ ಜೋರು ಮಳೆ ಹಿಡಿಯುವ ಮೊದಲೇ ಒಂದು ಬೆಳೆ ಮುಗಿಯುತ್ತದೆ. ಮತ್ತೆ ಬಿತ್ತಲು ಚೌತಿ ಕಳೆಯಲಿ.

ನಡುವಿನ ತಿಂಗಳಿಗೆ

ಜುಲೈಗೆ ನಂಬಬೇಕಾದ್ದು ಚಕ್ರಮುನಿ. ಒಂದು ಗೇಣು ಉದ್ದದ, ಬಲಿತ ಕಡ್ಡಿಯನ್ನು ಬೇಲಿಯಂಚಿಗೆ ಊರಿದರೆ ವರ್ಷಗಟ್ಟಲೆ ಸೊಪ್ಪು ಕೊಡುತ್ತದೆ. ಸೊಂಟದ ಎತ್ತರಕ್ಕೆ ಸವರುತ್ತಿರಿ. ಆದರೆ ಹಸಿ ಸೊಪ್ಪಿನ ಜ್ಯೂಸ್ ಬೇಡವೇ ಬೇಡ. ತೂಕ ಇಳಿಸಲೆಂದು ಅದನ್ನು ದಿನಾ ಕುಡಿದ ತೈವಾನಿನ ಹಲವರಿಗೆ 1990ರ ದಶಕದಲ್ಲಿ ಶ್ವಾಸಕೋಶವೇ ಕೆಟ್ಟಿತ್ತು. ಬೇಯಿಸಿ, ಪಲ್ಯ ಮಾಡಿ, ಆಗೀಗ ತಿನ್ನಿ.

ಕೆಸುವಿಗೆ ತೇವದ ಮೂಲೆ ಸಾಕು. ಪತ್ರೊಡೆಗೂ ಆಯಿತು. ಹುಣಸೆ ಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ, ಅದು ಯಾರಿಗೆ ಗೊತ್ತಿಲ್ಲ! ಚಗಟೆ ಸೊಪ್ಪನ್ನಂತೂ ಯಾರೂ ಬೆಳೆಯಬೇಕಾಗಿಲ್ಲ. ಮೊದಲ ಮಳೆಗೆ ತಾನೇ ಹುಟ್ಟುತ್ತದೆ, ಕಳೆ ಅಂತ ಎಲ್ಲವನ್ನೂ ಕಿತ್ತೆಸೆಯಬೇಡಿ. ಹೀರೆ, ಬೆಂಡೆ, ಸೌತೆಯನ್ನೂ ಅದೇ ಮಳೆಗೆ ಹಾಕಿ. ಬಳ್ಳಿಗೆ ಚಪ್ಪರ ಬೇಕು.

ಬಸಳೆ ದಂಟನ್ನು ಮಳೆ ಇಳಿದ ಮೇಲೆ, ಬಚ್ಚಲು ನೀರು ಹೋಗುವ ಕಡೆ ನೆಡಿ. ಎರಡು ಗಿಣ್ಣು ಮಣ್ಣೊಳಗೆ ಇರಲಿ. ಬಟ್ಟೆ ಒಗೆದ ನೊರೆ ನೀರು ಮಾತ್ರ ಅತ್ತ ಹೋಗದಂತೆ ನೋಡಿಕೊಳ್ಳಿ.

ಮಂಗಗಳಿಗೆ ಪೂರ್ತಿ ಪರಿಹಾರ ಶಿರಸಿಯಲ್ಲೂ ಇಲ್ಲ, ಕರಾವಳಿಯಲ್ಲೂ ಇಲ್ಲ. ಹಣ್ಣು, ಕಾಯಿಗೆ ಬರುವಷ್ಟು ಸೊಪ್ಪಿಗೆ ಬರುವುದಿಲ್ಲ ಎಂಬುದೇ ಸಮಾಧಾನ. ಬಸವನಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಸರಿ.

ಅಡುಗೆಮನೆಯಲ್ಲಿ

ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ವಿಟಮಿನ್ ಸಿ ಬೇಕು. ಪಲ್ಯ ಇಳಿಸಿದ ಮೇಲೆ ಲಿಂಬೆ ಹಿಂಡಿ. 'ಎ' ಜೀವಸತ್ವಕ್ಕೆ ಒಂದು ಚಮಚ ತೆಂಗಿನೆಣ್ಣೆಯ ಒಗ್ಗರಣೆ. ಊಟದ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ಒಂದು ತಾಸು ಬಿಟ್ಟು ಕುಡಿಯಿರಿ.