ಫೋರ್ಜಾ ಗೇಮಿನ ಆಲ್ ವೀಲ್ ಡ್ರೈವ್ ಕಾರು ತಿರುವಿನಲ್ಲಿ ಸೀದಾ ಓಡುತ್ತಿದೆಯೇ? ಡಿಫರೆನ್ಷಿಯಲ್ ಹೀಗೆ ಸೆಟ್ ಮಾಡಿ

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯವರಿಗೆ ಡಿಫರೆನ್ಷಿಯಲ್ ಅಂದರೇನು ಎಂದು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಎಡ-ಬಲ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ ಅದು. ನಾಟಿಗೆ ಮುಂಚೆ ಗದ್ದೆ ಕೆಸರು ಮಾಡುವಾಗ ಟ್ರ್ಯಾಕ್ಟರಿನ ಹಿಂದಿನ ಒಂದು ಗಾಲಿ ಹೂತು ಗರಗರ ತಿರುಗುತ್ತದೆ, ಇನ್ನೊಂದು ಅಲ್ಲಾಡುವುದೇ ಇಲ್ಲ. ಡ್ರೈವರ್ ಹಿಮ್ಮಡಿಯಿಂದ ಲಾಕ್ ಪೆಡಲ್ ಒತ್ತಿದರೆ ಎರಡೂ ಗಾಲಿ ಕೂಡಿ ತಿರುಗಿ ಟ್ರ್ಯಾಕ್ಟರ್ ಎದ್ದು ಬರುತ್ತದೆ. ಆದರೆ ಅದೇ ಪೆಡಲ್ ಒತ್ತಿಕೊಂಡೇ ಬದುವಿನ ಹತ್ತಿರ ಸ್ಟೇರಿಂಗ್ ತಿರುವಿದರೆ ಮುಂದಿನ ಗಾಲಿ ಎತ್ತ ನೋಡಿದರೂ ಟ್ರ್ಯಾಕ್ಟರ್ ಮಾತ್ರ ಸೀದಾ ಬದುವಿಗೇ ಹೋಗುತ್ತದೆ. ಫೋರ್ಜಾ ಹೊರೈಜನ್ 5 ಎಂಬ ಕಾರ್ ರೇಸ್ ವಿಡಿಯೊ ಗೇಮಿನಲ್ಲಿ ಬಹಳ ಮಂದಿ ಮಾಡುವುದು ಇದನ್ನೇ. ಲಾಕ್ ಸ್ಲೈಡರುಗಳನ್ನೆಲ್ಲ 100ರ ಕಡೆ ಎಳೆದಿಟ್ಟು, ಕಾರು ತಿರುಗದಿದ್ದಾಗ ಟೈರಿಗೆ ಬೈಯುತ್ತಾರೆ.

ಮೊದಲ ತಯಾರಿ

ಅಪ್‌ಗ್ರೇಡ್ ಅಂಗಡಿಯಲ್ಲಿ ರೇಸ್ ಡಿಫರೆನ್ಷಿಯಲ್ ಕೊಂಡು ಹಾಕಿ, ಐದೂ ಸ್ಲೈಡರ್ ತೆರೆಯುತ್ತವೆ. ಟೈರ್ ಪ್ರೆಷರ್, ಸ್ಪ್ರಿಂಗ್, ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ಹಿಡಿಯುವ ಸರಳು) ಕೆಲಸ ಮುಗಿದ ಮೇಲೇ ಡಿಫ್, ಅಂದರೆ ಡಿಫರೆನ್ಷಿಯಲ್, ಮುಟ್ಟಬೇಕು. ಟ್ರ್ಯಾಕ್ಷನ್ ಕಂಟ್ರೋಲ್, ಸ್ಟೆಬಿಲಿಟಿ ಕಂಟ್ರೋಲ್ ಎರಡನ್ನೂ ಆಫ್ ಮಾಡಿ. ಅವು ಆನ್ ಇದ್ದರೆ ಗಾಲಿ ಜಾರುವ ಹೊತ್ತಿಗೆ ಗೇಮೇ ಆ್ಯಕ್ಸಿಲರೇಟರ್ ಕಡಿಮೆ ಮಾಡಿಬಿಡುತ್ತದೆ, ತಪ್ಪು ಎಲ್ಲಿದೆ ಎಂದು ನಿಮಗೆ ಕಾಣುವುದೇ ಇಲ್ಲ.

ಇಲ್ಲೇ ಒಂದು ಮಾತು. ಹಿಂದಿನ ಗಾಲಿಗಳಷ್ಟೇ ಎಳೆಯುವ ಒಳ್ಳೆಯ ಕಾರಿಗೂ ನಾಲ್ಕೂ ಗಾಲಿ ಎಳೆಯುವಂತೆ ಮಾಡುವ ಆಲ್ ವೀಲ್ ಡ್ರೈವ್ ಕಿಟ್ ಹಾಕುವ ಚಾಳಿ ಬಿಡಿ. ತೂಕ ಏರುತ್ತದೆ, ಪಾಯಿಂಟೂ ತಿನ್ನುತ್ತದೆ. ಕಾರು ಎಷ್ಟು ಜೋರು ಎಂದು ಗೇಮ್ ಕೊಡುವ ಅಂಕವೇ ಈ ಪಾಯಿಂಟು, ಅದರ ಮೇಲೇ ಕಾರಿನ ಕ್ಲಾಸ್ ತೀರ್ಮಾನ. ಎ ಕ್ಲಾಸಿನ ಮಿತಿ 800. ಆ ಕಿಟ್ಟಿಗೆ ಹೋದ ಪಾಯಿಂಟನ್ನು ಒಳ್ಳೆಯ ಟೈರಿಗೆ ಹಾಕಿದ್ದರೆ ಎಷ್ಟೋ ಕಾರುಗಳು ಹಾಗೇ ಚೆನ್ನಾಗಿ ಓಡುತ್ತವೆ.

ಸೆಂಟರ್ ಸ್ಲೈಡರ್

ಫೋರ್ಜಾದಲ್ಲಿ ಈ ಸಂಖ್ಯೆ ಹಿಂದಿನ ಗಾಲಿಗಳಿಗೆ ಹೋಗುವ ಪವರಿನ ಪಾಲು. 70 ಅಂದರೆ ಹಿಂದಕ್ಕೆ 70, ಮುಂದಕ್ಕೆ 30. ಗ್ರಾನ್ ಟುರಿಸ್ಮೊ 7 ಎಂಬ ಇನ್ನೊಂದು ರೇಸ್ ಗೇಮಿನಲ್ಲಿ ಅದನ್ನೇ 30:70 ಎಂದು ಮುಂದಿನ ಪಾಲು ಮೊದಲು ಬರುವಂತೆ ಬರೆದಿರುತ್ತಾರೆ. ಅಲ್ಲಿಯ 30 ನೋಡಿ ಇಲ್ಲಿ 30 ಹಾಕಿದರೆ ಮುಂದಿನ ಗಾಲಿಗಳೇ ಎಳೆಯುವ ಕಾರು ಕೈಗೆ ಬರುತ್ತದೆ.

1980ರ ಆಡಿ ಕ್ವಾಟ್ರೊ ಪವರನ್ನು ಸಮಸಮ ಹಂಚುತ್ತಿತ್ತು. ಟಾರ್ ರಸ್ತೆಯ ರೇಸಿಗೆ ಅದು ಸಾಲದು. ತಿರುವಿನಿಂದ ಹೊರಗೆ ಬರುತ್ತ ಆ್ಯಕ್ಸಿಲರೇಟರ್ ಒತ್ತಿದಾಗ ಭಾರ ಹಿಂದಕ್ಕೆ ಬೀಳುತ್ತದೆ, ಹಿಂದಿನ ಟೈರುಗಳ ಹಿಡಿತ ಹೆಚ್ಚುತ್ತದೆ. ಮುಂದಿನ ಟೈರುಗಳಿಗೆ ಕಾರು ತಿರುಗಿಸುವ ಕೆಲಸವೇ ಸಾಕಷ್ಟಿರುತ್ತದೆ, ಅವುಗಳ ಮೇಲೆ ಎಳೆಯುವ ಕೆಲಸವನ್ನೂ ಅರ್ಧ ಹೊರಿಸಬಾರದು. ಆದ್ದರಿಂದ 65ರಿಂದ 75. ಸುಮ್ಮನೆ 70ರಿಂದ ಶುರು ಮಾಡಿ. 85 ದಾಟಿದರೆ ಮುಂದಿನ ಶಾಫ್ಟು ಬರೀ ಹೊರೆ.

ಎಲ್ಲರೂ ಎಡವುವ ಜಾಗ: ಲಾಕ್

ಉಳಿದ ನಾಲ್ಕರಲ್ಲಿ ಎರಡು ಆ್ಯಕ್ಸಿಲರೇಷನ್, ಎರಡು ಡಿಸಿಲರೇಷನ್. ಮೊದಲಿನವು ಆ್ಯಕ್ಸಿಲರೇಟರ್ ಒತ್ತಿದಾಗ ಕೆಲಸ ಮಾಡುತ್ತವೆ, ಎರಡನೆಯವು ಬಿಟ್ಟಾಗ. ಸಂಖ್ಯೆ ಏರಿದಷ್ಟೂ ಎಡ-ಬಲ ಗಾಲಿಗಳು ಒಂದಕ್ಕೊಂದು ಬಿಗಿಯಾಗಿ ಕಟ್ಟಿಹಾಕಿದಂತೆ. ಶುರುವಿಗೆ ಹೀಗಿಡಿ: ಮುಂದಿನ ಆ್ಯಕ್ಸಿಲರೇಷನ್ 25, ಮುಂದಿನ ಡಿಸಿಲರೇಷನ್ 0, ಹಿಂದಿನ ಆ್ಯಕ್ಸಿಲರೇಷನ್ 65, ಹಿಂದಿನ ಡಿಸಿಲರೇಷನ್ 15.

ಈಗ ಒಂದು ಬಿಗಿ ತಿರುವು ಹಿಡಿದು ಅದರಲ್ಲೇ ಮತ್ತೆ ಮತ್ತೆ ಓಡಿಸಿ. ಟೆಲಿಮೆಟ್ರಿ, ಅಂದರೆ ಓಡುವಾಗ ಕಾರಿನ ಅಳತೆಗಳನ್ನು ತೋರಿಸುವ ಪರದೆ, ತೆರೆದಿಡಿ. ಪಿಸಿಯಲ್ಲಾದರೆ ಟಿ ಕೀ. ಅದರಲ್ಲಿ ಫ್ರಿಕ್ಷನ್ ಪುಟಕ್ಕೆ ಹೋದರೆ ನಾಲ್ಕು ಟೈರಿಗೆ ನಾಲ್ಕು ವೃತ್ತ ಕಾಣುತ್ತವೆ. ಹಿಡಿತ ಮೀರಿ ಜಾರಿದ ಟೈರಿನ ವೃತ್ತ ಕೆಂಪಾಗುತ್ತದೆ. ರಸ್ತೆ ನೋಡಬೇಡಿ, ಆ ವೃತ್ತ ನೋಡಿ. ಬೇಕಾದರೆ ರೆಕಾರ್ಡ್ ಮಾಡಿಕೊಂಡು ನಿಧಾನ ಓಡಿಸಿ ನೋಡಿ.

ಬಹಳ ಮಂದಿಯ ದೂರು ಒಂದೇ: "ಹೊರಗೆ ಬರುವಾಗ ಕಾರು ಅಗಲಕ್ಕೆ ಹೋಗಿ ಗೋಡೆಗೆ ತಾಗುತ್ತದೆ." ಪರದೆಯ ಮೇಲೆ ಒಂದೇ ತರ ಕಾಣುವ ಈ ರೋಗಕ್ಕೆ ನಾಲ್ಕು ಕಾರಣಗಳಿವೆ, ಒಂದರ ಮದ್ದು ಇನ್ನೊಂದಕ್ಕೆ ವಿಷ.

ಮುಂದಿನ ಎರಡೂ ವೃತ್ತ ಕೂಡಿಯೇ ಕೆಂಪಾದರೆ ಮುಂದಿನ ಆ್ಯಕ್ಸಿಲರೇಷನ್ ಲಾಕ್ ಹೆಚ್ಚಾಗಿದೆ. ತಿರುವಿನಲ್ಲಿ ಒಳಗಿನ ಗಾಲಿ ಕಡಿಮೆ ದೂರ, ಹೊರಗಿನದು ಹೆಚ್ಚು ದೂರ ಹೋಗಬೇಕು. ಲಾಕ್ ಎರಡನ್ನೂ ಒಂದೇ ವೇಗಕ್ಕೆ ಕಟ್ಟುವುದರಿಂದ ಮೂತಿ ಸೀದಾ ಹೋಗಲು ನೋಡುತ್ತದೆ. 5 ಇಳಿಸಿ.

ಮುಂದಿನ ಒಳಗಾಲಿಯ ವೃತ್ತವೊಂದೇ ಕೆಂಪಾದರೆ ಕಥೆ ತಿರುವುಮುರುವು. ಲಾಕ್ ಕಡಿಮೆಯಾಗಿ, ಭಾರವಿಲ್ಲದ ಒಳಗಾಲಿ ಕೆಸರಲ್ಲಿ ಹೂತ ಟ್ರ್ಯಾಕ್ಟರ್ ಗಾಲಿಯಂತೆ ಸುಮ್ಮನೆ ಸುತ್ತುತ್ತಿದೆ. ಹೊರಗಿನ ಗಾಲಿಗೆ ಹಿಡಿತವಿದ್ದರೂ ಮೂತಿಯನ್ನು ಎಳೆದುಕೊಂಡು ಹೋಗುವಷ್ಟು ಪವರ್ ಅದಕ್ಕೆ ಸಿಗುತ್ತಿಲ್ಲ. ಇಲ್ಲಿ 5 ಏರಿಸಬೇಕು. ಸ್ಟೇರಿಂಗ್ ತಿರುವಿದರೂ ಮೂತಿ ಸೀದಾ ಹೋಗುವುದಕ್ಕೆ ಅಂಡರ್‌ಸ್ಟೀರ್ ಎನ್ನುತ್ತಾರೆ. ಯಾವ ವೃತ್ತ ಕೆಂಪಾಗಿದೆ ಎಂದು ನೋಡದೆ "ಅಂಡರ್‌ಸ್ಟೀರ್ ಅಂದರೆ ಮುಂದಿನ ಲಾಕ್ ಇಳಿಸು" ಎಂಬ ಬಾಯಿಪಾಠದ ಮೇಲೆ ಸೊನ್ನೆಗೆ ಇಳಿಸುವವರೇ ಹೆಚ್ಚು.

ಮುಂದಿನ ಲಾಕ್ 15ಕ್ಕೆ ಇಳಿದರೂ ಎರಡೂ ವೃತ್ತ ಕೆಂಪೇ ಇದ್ದರೆ ತಪ್ಪು ಲಾಕಿನದಲ್ಲ, ಪಾಲಿನದು. ಸೆಂಟರನ್ನು 5 ಏರಿಸಿ, ಹಿಂದಿನ ಗಾಲಿಗಳ ಪಾಲು ಹೆಚ್ಚಲಿ.

ನಾಲ್ಕನೆಯದು ಮೋಸದ್ದು. ಕಾರು ಮೊದಲು ಸೀದಾ ತಳ್ಳುತ್ತದೆ, ಆಮೇಲೆ ಒಮ್ಮೆಲೇ ಬಾಲ ಹೊರಗೆ ಬೀಸುತ್ತದೆ. ಇದು ಹಿಂದಿನ ಆ್ಯಕ್ಸಿಲರೇಷನ್ ಲಾಕ್ ಅತಿಯಾದದ್ದು. ಹಿಡಿತ ಇರುವವರೆಗೆ ಎರಡೂ ಹಿಂಗಾಲಿ ಕೂಡಿ ಕಾರನ್ನು ಸೀದಾ ದೂಡುತ್ತವೆ, ಹಿಡಿತ ತಪ್ಪಿದಾಗಲೂ ಎರಡೂ ಕೂಡಿಯೇ ಜಾರುತ್ತವೆ. ಮೊದಲರ್ಧ ನೋಡಿದವನು ಅಂಡರ್‌ಸ್ಟೀರ್ ಅನ್ನುತ್ತಾನೆ, ಕೊನೆ ನೋಡಿದವನು ಓವರ್‌ಸ್ಟೀರ್ ಅನ್ನುತ್ತಾನೆ. 65ರಿಂದ 60ಕ್ಕೆ, ಆಮೇಲೆ 55ಕ್ಕೆ ಇಳಿಸಿ. ಅತಿಯಾಗಿ ಇಳಿಸಿದರೆ ಹಿಂದಿನ ಒಳಗಾಲಿಯೊಂದೇ ಸುತ್ತಿ, ಆರ್‌ಪಿಎಂ ಜಿಗಿದು, ಸ್ಪೀಡ್ ಇದ್ದಲ್ಲೇ ಇರುತ್ತದೆ. ಆಗ ಎರಡು ಹೆಜ್ಜೆ ಹಿಂದೆ ಬನ್ನಿ. ಎಸ್2 ಕ್ಲಾಸಿನ ಬಲವಾದ ಕಾರುಗಳು 75 ಕೇಳುವುದೂ ಉಂಟು.

ತಿರುವಿನ ನಟ್ಟನಡುವೆ, ಆ್ಯಕ್ಸಿಲರೇಟರೂ ಬ್ರೇಕೂ ಇಲ್ಲದಾಗ ಕಾರು ಕೈಮೀರಿದರೆ ಅದು ಡಿಫ್ ಕೆಲಸವಲ್ಲ. ಆಂಟಿ ರೋಲ್ ಬಾರಿಗೆ ಹೋಗಿ.

ಬಿಟ್ಟಾಗಿನ ಲಾಕ್

ಮುಂದಿನದು 0ಯಿಂದ 5 ಸಾಕು. ಹಿಂದಿನದು 10ರಿಂದ 25. ತಿರುವಿಗೆ ಹೊಕ್ಕುವಾಗ ಬಾಲ ತಿರುಗಿದರೆ 5 ಏರಿಸಿ, ಮೂತಿ ಒಳಗೆ ಬರದಿದ್ದರೆ 5 ಇಳಿಸಿ. ಅದಕ್ಕೂ ಮುಂಚೆ ಬ್ರೇಕ್ ಮುಟ್ಟದೆ ಬರೀ ಆ್ಯಕ್ಸಿಲರೇಟರ್ ಬಿಟ್ಟು ನೋಡಿ. ಬಿಟ್ಟಾಗಲೂ ಬಾಲ ಬಂದರೆ ಡಿಫ್. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಬ್ರೇಕ್ ಬ್ಯಾಲೆನ್ಸ್, ಅಂದರೆ ಮುಂದೆ-ಹಿಂದೆ ಬ್ರೇಕಿನ ಪಾಲು. ಈ ಒಂದು ಪರೀಕ್ಷೆ ಮಾಡದೆ ಹಿಂದಿನ ಲಾಕನ್ನು 60ಕ್ಕೆ ಏರಿಸಿ, ಆಮೇಲೆ ಕಾರು ಲಾರಿಯಂತೆ ತಿರುಗುತ್ತದೆ ಎಂದು ಕೊರಗುತ್ತಾರೆ.

ಒಂದು ಸಲಕ್ಕೆ ಒಂದೇ ಸ್ಲೈಡರ್, 5 ಅಂಕ, ಅದೇ ತಿರುವಿನಲ್ಲಿ ಮೂರು ಸುತ್ತು. ಪ್ರತಿ ಬದಲಾವಣೆಯನ್ನೂ ಬೇರೆ ಹೆಸರಿನಲ್ಲಿ ಸೇವ್ ಮಾಡಿ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ರಾಯಚೂರು, ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಟ್ಯೂನಿಂಗಿಗೆ ಕೂರಲೇಬೇಡಿ. ಲ್ಯಾಪ್‌ಟಾಪ್ ಕಾದು ಫ್ರೇಮ್ ಬಿದ್ದರೆ, ಅಂದರೆ ಪರದೆಯ ಚಿತ್ರ ತಡವರಿಸಿದರೆ, ಸ್ಟೇರಿಂಗ್ ತಡವಾಗಿ ಕೇಳುತ್ತದೆ, ನೀವು ಅದನ್ನು ಅಂಡರ್‌ಸ್ಟೀರ್ ಅಂದುಕೊಂಡು ಸರಿಯಿದ್ದ ಸೆಟ್ಟಿಂಗನ್ನೇ ಕೆಡಿಸುತ್ತೀರಿ. ಬೆಳಿಗ್ಗೆ ಕೂರಿ.

ಅಗ್ಗದ ಕಂಟ್ರೋಲರುಗಳ ಬಗ್ಗೆಯೂ ಹೇಳಬೇಕು. ಕೆಲವದರ ಟ್ರಿಗರ್ ನೋಡಲು ಟ್ರಿಗರ್, ಒಳಗೆ ಬರೀ ಸ್ವಿಚ್: ಒತ್ತಿದರೆ 100, ಬಿಟ್ಟರೆ 0. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಯಾವುದಾದರೂ ರೇಸ್ ಗೇಮಿಗೆ ಜೋಡಿಸಿ, ಕಾಲುಭಾಗ ಒತ್ತಿದಾಗ ಕಾರು ಮೆಲ್ಲಗೆ ಹೊರಡುತ್ತದೆಯೇ ನೋಡಿ. ಈಗಾಗಲೇ ಅಂಥದ್ದು ಕೈಯಲ್ಲಿದ್ದರೆ, ಇಲ್ಲವೇ ಕೀಬೋರ್ಡಿನಲ್ಲಿ ಆಡುವವರಾದರೆ, ಹಿಂದಿನ ಆ್ಯಕ್ಸಿಲರೇಷನ್ 50ರ ಆಸುಪಾಸು, ಸೆಂಟರ್ 60ರಿಂದ 65 ಇಡಿ.

ಅಡ್ಡದಾರಿ ಬೇಕೆಂದರೆ ಶೇರ್ ಕೋಡ್ (ಹಂಚಿದ ಟ್ಯೂನಿನ ಗುರುತಿನ ಸಂಖ್ಯೆ) ಹಾಕಿ ಬೇರೆಯವರ ಟ್ಯೂನ್, ಅಂದರೆ ಅವರ ಸೆಟ್ಟಿಂಗುಗಳನ್ನು, ಇಳಿಸಿಕೊಳ್ಳಬಹುದು. ಅದಕ್ಕೆ ಬೀಗ ಇರುತ್ತದೆ, ಒಳಗಿನ ಸಂಖ್ಯೆ ಕಾಣುವುದಿಲ್ಲ, ನಿಮ್ಮ ಕೈಗೆ ಬೇಕಾದಂತೆ ಒಂದಂಕವೂ ಬದಲಿಸಲಾಗದು.

ಮಣ್ಣಿನ ರಸ್ತೆಗೆ ಬೇರೆ ಟ್ಯೂನನ್ನೇ ಇಟ್ಟುಕೊಳ್ಳಿ. ಸೆಂಟರ್ 55ರಿಂದ 60, ಮುಂದಿನ ಆ್ಯಕ್ಸಿಲರೇಷನ್ 35ರಿಂದ 40. ಅಲ್ಲಿ ಗಾಲಿಗಳು ಹೇಗೂ ಜಾರುತ್ತಲೇ ಇರುವುದರಿಂದ ಕಟ್ಟಿಹಾಕಿದರೂ ಕಾರು ಟಾರ್ ರಸ್ತೆಯಷ್ಟು ಹಟ ಮಾಡುವುದಿಲ್ಲ. ಇವೇ ಅಂಕಗಳನ್ನು ಗ್ರಾನ್ ಟುರಿಸ್ಮೊಗೆ ಮಾತ್ರ ಎತ್ತಿ ಹಾಕಬೇಡಿ. ಅಲ್ಲಿ ಲಾಕಿನ ಅಳತೆ ಮುಗಿಯುವುದೇ 60ಕ್ಕೆ. ಇನಿಷಿಯಲ್ ಟಾರ್ಕ್ ಎಂಬ ಮೂರನೆಯ ಸಂಖ್ಯೆಯೂ ಉಂಟು, ಅದು ಆ್ಯಕ್ಸಿಲರೇಟರ್ ಒತ್ತಿದಾಗಲೂ ಬಿಟ್ಟಾಗಲೂ ಬಿಗಿ ಹಿಡಿದೇ ಇರುತ್ತದೆ. ಮೊದಲು ಅದನ್ನು ಕೆಳಗಿಳಿಸಿ, ಆಮೇಲೆ ಉಳಿದೆರಡಕ್ಕೆ ಕೈ ಹಾಕಿ.